ಯಾರ ಜೊತೆ ಎಷ್ಟು ದೂರ

ನಮ್ಮ ಊರಿನಲ್ಲಿ ಯಾರನ್ನಾದರೂ ನಿಲ್ಲಿಸಿ "ಬಸ್ ಸ್ಟ್ಯಾಂಡ್ ಎಷ್ಟು ದೂರ?" ಎಂದು ಕೇಳಿ ನೋಡಿ. "ಯಾರ ಜೊತೆ?" ಎನ್ನುತ್ತಾರೆ. ಹೊಸಬರು ಇದನ್ನು ಕೊಬ್ಬು ಎಂದುಕೊಂಡು ಮುಖ ಊದಿಸಿಕೊಳ್ಳುತ್ತಾರೆ. ಕೊಬ್ಬಲ್ಲ ಸ್ವಾಮಿ, ಕೇಳಲೇಬೇಕಾದ ಪ್ರಶ್ನೆ. ಮಾತು ಬಲ್ಲವರ ಜೊತೆ ಹೊರಟರೆ ಚಪ್ಪಲಿ ಮೆಟ್ಟಿ, ಬೆಳಗಿನ ತಿಂಡಿ ಏನಾಗಿತ್ತು ಎಂದು ಕೇಳಿ ಮುಗಿಸುವಷ್ಟರಲ್ಲಿ ಬಸ್ ಸ್ಟ್ಯಾಂಡ್ ಕಾಲಬುಡಕ್ಕೆ ಬಂದಿರುತ್ತದೆ. ಒಬ್ಬರೇ ಹೊರಟರೆ ಅದು ಇರುವಷ್ಟು ದೂರ ಇರುತ್ತದೆ. ಇನ್ನು ಕೆಲವರ ಜೊತೆ ಹೊರಟರೋ, ಬೀದಿ ಹಿಗ್ಗುತ್ತದೆ. ಔಷಧಿ ಅಂಗಡಿ ದಾಟಿದರೆ ಮುಂದೆ ಹಿಂದೆಂದೂ ಕಾಣದ ಇನ್ನೊಂದು ಔಷಧಿ ಅಂಗಡಿ, ಅದರಾಚೆ ಯಾರದೋ ಕಾಂಪೌಂಡು, ಅದು ಮುಗಿಯಿತು ಅನ್ನುವಾಗ ಅದೇ ಕಾಂಪೌಂಡಿನ ಇನ್ನೊಂದಿಷ್ಟು. ಅಂಥವರ ಬಗ್ಗೆ ನನಗೆ ಮೊದಲಿಂದಲೂ ಕನಿಕರವಿತ್ತು. ಪಾಪ, ಅವರಿಗೆ ಯಾರೂ ಹೇಳುವುದಿಲ್ಲವೇನೋ ಎಂದುಕೊಳ್ಳುತ್ತಿದ್ದೆ.

ಊರು ಇದಕ್ಕೆ ತಕ್ಕ ಹಾಗೆ ಬದುಕುವುದನ್ನು ಕಲಿತಿದೆ. ಮೈಲಿಗಲ್ಲು ನೆಡುವ ಹುಚ್ಚಿಗೆ ಯಾರೂ ಕೈಹಾಕುವುದಿಲ್ಲ. ಕಂಡಕ್ಟರ್ ಕೆಲಸಕ್ಕೆ ಹೋದವನಿಗೆ ಚಿಲ್ಲರೆ ಎಣಿಸಲು ಬರುತ್ತದೋ ಇಲ್ಲವೋ ಎಂದು ನೋಡುವುದಿಲ್ಲ, ಒಂದು ಕಥೆ ಹೇಳಿಸಿ ನೋಡುತ್ತಾರೆ. ಮಾತು ಬಿಟ್ಟ ಗಂಡ ಹೆಂಡತಿ ಒಟ್ಟಿಗೆ ಮದುವೆ ಮನೆಗೆ ಹೊರಟರೆ ಎಲೆ ಎತ್ತಿದ ಮೇಲೆಯೇ ಅವರು ತಲುಪುವುದು. ಯಾರೂ ಏನೂ ಕೇಳದೆ ಉಳಿದಿದ್ದನ್ನು ಬಡಿಸುತ್ತಾರೆ. ಗಂಡು ಹೆಣ್ಣಿನ ಸಂಬಂಧ ನೋಡುವಾಗ ಹಾದಿಶಾಸ್ತ್ರ ಎಂದು ಒಂದಿದೆ. ಒಲೆಯಿಂದ ಆಗಷ್ಟೇ ಇಳಿಸಿದ ಹಾಲಿನ ಚೊಂಬನ್ನು ಹುಡುಗಿಯ ಕೈಗೆ ಕೊಟ್ಟು, ಹುಡುಗನ ಜೊತೆ ಕೆರೆಯ ತೂಬಿನವರೆಗೆ ನಡೆಸುತ್ತಾರೆ. ತೂಬಿನ ಹತ್ತಿರ ಎರಡೂ ಕಡೆಯ ಹಿರಿಯರು ಕೂತಿರುತ್ತಾರೆ. ಹಾಲು ಆರುವ ಮೊದಲು ತಲುಪಿದರೆ ಸಂಬಂಧ ಗಟ್ಟಿ, ಆರಿದರೆ ಮಜ್ಜಿಗೆ ಕುಡಿದು ಎದ್ದು ಬರುವುದು. ಸಾವಿನ ಮನೆಯದು ಇದರ ತಿರುಗಾಮುರುಗಾ. ಹೋದವರ ಜೊತೆಗಿನ ಕೊನೆಯ ಹಾದಿ ಬೇಗ ಮುಗಿಯಬಾರದು ಎಂದು ಹೆಣದ ಮುಂದೆ ನಡೆಯುವವರನ್ನು ಆರಿಸಿ ಕರೆಯುತ್ತಾರೆ. ನನ್ನನ್ನು ತಪ್ಪದೆ ಕರೆಯುತ್ತಿದ್ದರು. ಸರ್ಕಾರಿ ನೌಕರನಿಗೆ ಸಲ್ಲುವ ಮರ್ಯಾದೆ ಎಂದು ತಿಳಿದು, ಇಸ್ತ್ರಿ ಮಾಡಿದ ಬಿಳಿ ಅಂಗಿಯೊಂದನ್ನು ಅದಕ್ಕೆಂದೇ ಎತ್ತಿಟ್ಟಿದ್ದೆ.

ನನ್ನ ಹೆಸರು ಓಂಕಾರಪ್ಪ. ಊರಿನ ಬಡಗಣ ತುದಿಯಲ್ಲಿರುವ ತೂಕ ಮತ್ತು ಅಳತೆ ಕಚೇರಿಯಲ್ಲಿ ನನ್ನ ಕೆಲಸ. ಅಂಗಡಿಯವರು ತರುವ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು. ನೋಡುವುದಕ್ಕೆ ಸಣ್ಣ ಕೆಲಸ, ಆದರೆ ವಿಷಯ ಎಷ್ಟಿದೆ ಅಂತೀರಿ! ಕಬ್ಬಿಣದ ಬಟ್ಟಿನ ಬುಡದಲ್ಲಿ ಒಂದು ತೂತು ಇರುತ್ತದೆ. ಬಟ್ಟು ಸವೆದು ತೂಕ ಕಡಿಮೆಯಾದರೆ ಆ ತೂತಿಗೆ ಸೀಸ ತುಂಬಿ ಸರಿ ಮಾಡುತ್ತಾರೆ. ಆ ಸೀಸದ ತೂತೊಂದರ ಬಗ್ಗೆಯೇ ನಾನು ಹೊತ್ತು ಹೊತ್ತು ಮಾತಾಡಬಲ್ಲೆ. ಮಾತಾಡುತ್ತಿದ್ದೆ ಕೂಡ.

ನನ್ನ ಹಾದಿಶಾಸ್ತ್ರದ ದಿನ ಬೆಳಿಗ್ಗೆ ಎದ್ದರೆ ಎಡ ದವಡೆ ಊದಿಕೊಂಡಿತ್ತು. ಹುಳುಕು ಹಲ್ಲು. ಬಾಯಿ ತೆರೆದರೆ ಕಣ್ಣಲ್ಲಿ ನೀರು. ಹೆಣ್ಣು ವಿಶಾಲಾಕ್ಷಿ ತೆಂಕಣ ತುದಿಯ ಹೆರಿಗೆ ಆಸ್ಪತ್ರೆಯಲ್ಲಿ ಆಗಷ್ಟೇ ನರ್ಸಾಗಿ ಸೇರಿದ್ದಳು. ಸೆರಗಿನಲ್ಲಿ ಚೊಂಬು ಹಿಡಿದು ನಡೆಯುತ್ತಾ, ತಾನು ಕೈಯಾರೆ ಹಿಡಿದ ಮೊದಲ ಮಗುವಿನ ಸುದ್ದಿ ಹೇಳಿದಳು. ಹೆಣ್ಣು ಮಗು. ಹುಟ್ಟಿದ ಕೂಡಲೇ ಅಳಲಿಲ್ಲವಂತೆ, ಮೊದಲು ಸೀನಿತಂತೆ. ಅಲ್ಲಿದ್ದವರೆಲ್ಲ ನಕ್ಕುಬಿಟ್ಟರಂತೆ, ಅಷ್ಟು ನೋವಿನಲ್ಲಿ ಹೆತ್ತವಳೂ. ನಾನು ಕರವಸ್ತ್ರ ದವಡೆಗೆ ಒತ್ತಿಕೊಂಡು "ಹ್ಞೂಂ" ಅಂದೆ. ಇನ್ನೇನೋ ಹೇಳಿದಳು, ಮತ್ತೆ "ಹ್ಞೂಂ" ಅಂದೆ. ಆ ಹ್ಞೂಂ ಬಾಯಲ್ಲಿರುವಾಗಲೇ ತೂಬು ಎದುರಿಗೆ. ಹಾಲು ಎಷ್ಟು ಬಿಸಿಯಿತ್ತೆಂದರೆ ನಮ್ಮ ಸೋದರಮಾವ ನಾಲಿಗೆ ಸುಟ್ಟುಕೊಂಡರು. ಇಂಥ ಹಾದಿಶಾಸ್ತ್ರ ನೋಡೇ ಇಲ್ಲ ಎಂದು ಎಲ್ಲರೂ ಹೊಗಳಿದರು. ಬಾಯಿ ಬಿಡದೆ ಬರೀ ಗಾಂಭೀರ್ಯದಿಂದಲೇ ಹಾದಿಯನ್ನು ಇಷ್ಟು ಕುಗ್ಗಿಸಿದೆನಲ್ಲ, ಇನ್ನು ಬಾಯಿ ಬಿಟ್ಟರೆ ಹೇಗೋ ಎಂದು ನನ್ನ ಬಗ್ಗೆ ನನಗೇ ಬೆರಗಾಯಿತು. ಮದುವೆಯಾಯಿತು. ಹಲ್ಲು ಕೀಳಿಸಿದೆ. ಬಾಯಿ ಬಿಟ್ಟೆ.

ಅವಳ ಆಸ್ಪತ್ರೆ ತೆಂಕಣ ತುದಿ, ನನ್ನ ಕಚೇರಿ ಬಡಗಣ ತುದಿ. ನ್ಯಾಯವಾಗಿ ಊರಿನ ನಟ್ಟನಡುವೆ, ಹಳೇ ಎಣ್ಣೆಗಾಣದ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದೆವು. ತಕ್ಕಡಿಯವನ ಮನೆ ಅಂದರೆ ಹೀಗಿರಬೇಕು, ಎರಡೂ ತಟ್ಟೆ ಸಮ ಎಂದು ನಾನೇ ಬೀಗಿದೆ. ಬೆಳಿಗ್ಗೆ ಇಬ್ಬರೂ ಒಂದೇ ಹೊಸ್ತಿಲು ದಾಟುತ್ತಿದ್ದೆವು, ಅವಳು ಬಲಕ್ಕೆ, ನಾನು ಎಡಕ್ಕೆ. ಅವಳು ಮೂಲೆ ತಿರುಗುವ ಮೊದಲೇ ನಾಲ್ಕಾರು ಜನ ಬಂದು ಸೇರಿಕೊಳ್ಳುತ್ತಿದ್ದರು. ಹೂವಿನವರು, ಟೈಲರು, ಹೆರಿಗೆಗೆ ದಿನ ತುಂಬಿದ ಹೆಂಗಸರು, ಎಲ್ಲರಿಗೂ ವಿಶಾಲು ಬೇಕು. ಅವಳು ಬಾಯಿ ತೆರೆದರೆ ಆಸ್ಪತ್ರೆ ಓಡಿ ಬರುತ್ತಿತ್ತು. ನನ್ನ ಕಡೆ ಮಾತ್ರ ವಿಚಿತ್ರ. ನಾನು ಹತ್ತಿರ ಹೋಗುವಾಗಲೇ ಒಬ್ಬರ ಚಪ್ಪಲಿಯ ಉಂಗುಷ್ಠ ಕಿತ್ತುಹೋಗುತ್ತಿತ್ತು, ಇನ್ನೊಬ್ಬರಿಗೆ ಮನೆಯಲ್ಲಿ ಬೀಗ ಹಾಕಿಲ್ಲವೆಂದು ನೆನಪಾಗುತ್ತಿತ್ತು. ನಮ್ಮ ಕಚೇರಿಯ ಜವಾನ ಕೆಂಚಪ್ಪ ನಮ್ಮ ಹಿಂದಿನ ಬೀದಿಯವನೇ, ಆದರೆ ಅವನಿಗೆ ಮಂಡಿ ನೋವು. "ನೀವು ನಡೀರಿ ಸಾರ್, ನಾನು ನಿಧಾನಕ್ಕೆ ಬರ್ತೀನಿ" ಎನ್ನುವವನು ಅದು ಹೇಗೋ ನನಗಿಂತ ಮೊದಲೇ ಬಂದು ಟೇಬಲ್ಲು ಒರೆಸಿರುತ್ತಿದ್ದ. ನಮ್ಮ ಬಡಗಣ ದಿಕ್ಕಿನ ಜನಕ್ಕೆ ಒಂದಲ್ಲ ಒಂದು ತಾಪತ್ರಯ ಎಂದು ಮರುಗುತ್ತಾ ಒಬ್ಬನೇ ನಡೆಯುತ್ತಿದ್ದೆ. ಸಂಜೆ ನಾನು ಬರುವಷ್ಟರಲ್ಲಿ ವಿಶಾಲು ಎಷ್ಟೋ ಮುಂಚೆ ಬಂದು, ಕಾಫಿ ಕಾಸಿ, ಅದು ಆರಿ, ಮತ್ತೆ ಕಾಸಿರುತ್ತಿದ್ದಳು. ಭಾನುವಾರ ಒಟ್ಟಿಗೆ ಸಂತೆಗೆ ಹೋಗೋಣ ಅಂದರೆ "ನೀವೇ ಹೋಗಿ ಬನ್ನಿ ರೀ, ಸುಸ್ತು" ಅನ್ನುತ್ತಿದ್ದಳು. ನರ್ಸ್ ಕೆಲಸ, ಸುಸ್ತಾಗದೆ ಇರುತ್ತದೆಯೇ ಎಂದು ನಾನೇ ಹೋಗಿ ಬರುತ್ತಿದ್ದೆ.

ಹೀಗಿರುವಾಗ ಮನೆಯ ಯಜಮಾನರು ಬಂದು, ಮಗಳು ಅಳಿಯ ಬರುತ್ತಾರೆ, ಯುಗಾದಿಯೊಳಗೆ ಮನೆ ಬಿಟ್ಟುಕೊಡಬೇಕು ಎಂದರು. ನಡುಭಾಗದಲ್ಲಿ ಬೇರೆ ಮನೆ ಖಾಲಿ ಇರಲಿಲ್ಲ. ನನಗೆ ಒಳಗೊಳಗೇ ಖುಷಿ. ಈ ಸಲ ಬಡಗಣ ತುದಿಗೆ ಹೋಗೋಣ ಎಂದು ತೀರ್ಮಾನಿಸಿಯೇ ಬಿಟ್ಟೆ. ಅವಳಿಗೆ ಹಾದಿ ಯಾವ ಲೆಕ್ಕ? ಎಲ್ಲಿದ್ದರೂ ಚಿಟಿಕೆ ಹೊಡೆಯುವುದರಲ್ಲಿ ಆಸ್ಪತ್ರೆ. ನಡೆದು ನಡೆದು ಸವೆಯುವವನು ನಾನು. ನ್ಯಾಯ ಅಂದರೆ ಅದು ತಾನೇ?

ಮನೆ ಬ್ರೋಕರ್ ಮಲ್ಲಾಚಾರಿಯನ್ನು ಹಿಡಿದೆ. ನಮ್ಮ ಊರಲ್ಲಿ ಮನೆಯನ್ನು ಎರಡು ಸಲ ನೋಡಬೇಕು ಎಂದು ಹಸುಗೂಸಿಗೂ ಗೊತ್ತು. ಬ್ರೋಕರ್ ಜೊತೆ ಒಂದು ಸಲ, ಒಬ್ಬರೇ ಒಂದು ಸಲ. ಏಕೆಂದರೆ ಬ್ರೋಕರುಗಳ ಬಾಯಿಗೆ ಯಾವ ಮನೆಯೂ ದೂರವಲ್ಲ. ಮಲ್ಲಾಚಾರಿ ತನ್ನ ಬೀಗರ ಮನೆಯ ನಾಯಿ ಕನ್ನಡಕ ಕದ್ದ ಪ್ರಸಂಗ ಶುರು ಮಾಡಿದ. ನಾಯಿ ಸಿಕ್ಕುವ ಮೊದಲೇ ಮನೆ ಸಿಕ್ಕಿತು. "ನೋಡಿ ಸಾರ್, ಇಲ್ಲೇ. ನಿಮ್ಮ ಆಫೀಸಿನ ಗಂಟೆ ಕೇಳುತ್ತೆ. ಅಮ್ಮನೋರ ಆಸ್ಪತ್ರೆಯೂ ಇಲ್ಲೇ, ಹಿಂಗ್ ಹೋದ್ರೆ ಹಂಗ್ ಬಂತು" ಎಂದ. ನಾನು ಎರಡನೇ ಸಲ ನೋಡುವುದನ್ನು ಬಿಟ್ಟು ಅಲ್ಲೇ ಮಾತು ಕೊಟ್ಟು ಬಂದೆ. ಇಡೀ ಊರಿನ ತಕ್ಕಡಿಗಳ ಮೋಸ ಹಿಡಿಯುವ ಆಸಾಮಿ ನಾನು.

ಎರಡನೇ ಸಲ ನೋಡಿದವಳು ವಿಶಾಲು. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಹೊರಟು, ಯಾರನ್ನೂ ಜೊತೆಗೆ ಸೇರಿಸಿಕೊಳ್ಳದೆ, ಒಂದು ಮಾತೂ ಆಡದೆ ಆ ಮನೆಯವರೆಗೆ ನಡೆದುಕೊಂಡು ಹೋಗಿದ್ದಾಳೆ. ಮನೆಗೆ ಬಂದವಳು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಳು. ಪಾದ ಬಾತಿದ್ದವು. "ಏನ್ರೀ, ಇದು ಇಲ್ಲೇ ಅಂದ್ರಲ್ಲ?" ಅಂದಳು. "ನಿನಗೇನೇ ವಿಶಾಲು, ನೀನು ಮಾತಾಡ್ಕೊಂಡು ಹೋದ್ರೆ ಎಲ್ಲಾನೂ ಇಲ್ಲೇ" ಅಂದೆ.

ಅವಳು ಬಕೆಟ್ಟಿನಿಂದ ಕಾಲು ತೆಗೆದಳು. "ಮಾತು ತಾನಾಗೇ ಬರುತ್ತೆ ಅಂದ್ಕೊಂಡಿದೀರಾ? ದಿನಾ ಬೆಳಿಗ್ಗೆ ಅಷ್ಟೂ ಜನಕ್ಕೆ ನಾನೇ ಹಾದಿ ಸವೆಸ್ಬೇಕು. ಹೂವಿನವಳಿಗೆ ನಗು ಬರೋ ಮಾತು, ಬಸುರಿಗೆ ಧೈರ್ಯದ ಮಾತು, ಟೈಲರಿಗೆ ಅವನ ತಮ್ಮನ ಮೇಲಿನ ದೂರು ಕೇಳಿ ಅದಕ್ಕೆ ಉತ್ತರ. ಆಸ್ಪತ್ರೆಗೆ ಹೋದ್ರೆ ಅಲ್ಲೂ ನಾನೇ ಮಾತಾಡ್ಬೇಕು, ಅವರಿಗೆ ನೋವು. ಗಂಟಲು ಹರಿದುಹೋಗುತ್ತೆ. ಒಬ್ಬರಾದ್ರೂ 'ನೀನ್ ಹೆಂಗಿದೀಯಮ್ಮಾ' ಅಂತ ಕೇಳಿದ್ದುಂಟಾ? ಮನೆಗೆ ಬಂದ್ರೆ ನಿಮ್ಮ ಸೀಸದ ತೂತು!" ಸೀಸದ ತೂತಿನ ಬಗ್ಗೆ ಅವಳಿಗೆ ಅಷ್ಟು ಆಸಕ್ತಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ ಎಂಬಂತೆ ನಾನು ಅವಳನ್ನೇ ನೋಡಿದೆ. ಅಷ್ಟರ ಮಟ್ಟಿಗೆ ಮಂಕು.

ಸ್ವಲ್ಪ ಹೊತ್ತಾದ ಮೇಲೆ ಮೆತ್ತಗೆ ಹೇಳಿದಳು. "ಆಸ್ಪತ್ರೆ ಹಿಂದೆ ನರ್ಸ್‌ಗಳ ಕ್ವಾರ್ಟರ್ಸಲ್ಲಿ ಒಂದು ರೂಮು ಖಾಲಿಯಿದೆ, ಕೇಳಿದೀನಿ. ನೀವು ಬಡಗಣ ಮನೇಲಿರಿ, ನಾನು ಅಲ್ಲಿರ್ತೀನಿ. ಭಾನುವಾರ ಬರ್ತೀನಿ." "ಒಂದೊಂದು ಭಾನುವಾರ ನಾನೇ ಬರ್ತೀನಿ" ಎಂದೆ, ಏನು ಹೇಳುತ್ತಿದ್ದೇನೆ ಎಂದು ತಿಳಿಯದೆ. "ನೀವು ಒಬ್ಬರೇ ಹೊರಟು ಬರೋ ಹೊತ್ತಿಗೆ ಸೋಮವಾರ ಆಗಿರುತ್ತೆ ಬಿಡಿ" ಎಂದಳು. ನಗಲಿಲ್ಲ. ಅವಳು ನಗದೆ ಆಡಿದ ಮಾತು ನಿಜವಾಗಿಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಹೆಂಡತಿ ಊರಿನ ಒಂದು ತುದಿ, ನಾನು ಇನ್ನೊಂದು ತುದಿ. 

ಅದಾದ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಎದುರು ಮನೆಯ ಸಿದ್ದಮ್ಮಜ್ಜಿ ಬೀದಿಯಿಂದಲೇ ಕೂಗಿಕೊಂಡಳು. ಮೊಮ್ಮಗಳು ಸುಮಿತ್ರಳಿಗೆ ನೋವು ಶುರುವಾಗಿತ್ತು. ವಿಶಾಲು ಕೈ ತೊಳೆದು ಓಡಿದಳು. ಬೀದಿಯವರೆಲ್ಲ ಸೇರಿ ಸುಮಿತ್ರಳನ್ನು ತಳ್ಳುಗಾಡಿಯ ಮೇಲೆ ಹಾಸಿಗೆ ಹಾಸಿ ಕೂರಿಸಿದರು. ಗಾಡಿಯ ಒಂದು ಕಡೆ ಹಿಡಿಯುವವರು ಬೇಕಿತ್ತು. ನಾನು ಪಂಚೆ ಎತ್ತಿ ಕಟ್ಟಿ, "ನಡೀರಿ, ನಾನೂ ಬರ್ತೀನಿ!" ಎಂದು ಮುನ್ನುಗ್ಗಿದೆ.

"ಅಯ್ಯೋ, ನೀವು ಬೇಡ!"

ಹೇಳಿದ್ದು ಒಬ್ಬರಲ್ಲ, ಇಡೀ ಬೀದಿ. ಹೂವಿನವಳು, ಟೈಲರು, ಗಾಡಿಯವನು. ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದ ಸುಮಿತ್ರ ಕೂಡ ತಲೆಯೆತ್ತಿ, "ಅಣ್ಣಾ, ದಮ್ಮಯ್ಯ, ನೀವ್ ಮನೇಲಿರಿ" ಎಂದಳು. ವಿಶಾಲು ನನ್ನ ಕಡೆ ನೋಡದೆ ಗಾಡಿ ಹಿಡಿದು ಏನೋ ಹೇಳಲು ಶುರು ಮಾಡಿದಳು. ಎಲ್ಲರೂ ನಕ್ಕದ್ದು ಕೇಳಿಸಿತು. ಮರುಗಳಿಗೆ ಬೀದಿ ಖಾಲಿ. ಅಷ್ಟು ಬೇಗ ಅವರು ಕಣ್ಮರೆಯಾಗಿದ್ದರು.

ಉಳಿದದ್ದು ನಾನು ಮತ್ತು ಜಗಲಿಯ ಮೇಲೆ ಕುಸಿದು ಕೂತ ಸಿದ್ದಮ್ಮಜ್ಜಿ. "ಏನಜ್ಜಿ ಇದು, ಹಿಂಗಂದ್ಬಿಟ್ರು?" ಎಂದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ನನ್ನನ್ನು ಬಹಳ ಕನಿಕರದಿಂದ ನೋಡಿದಳು. ಬೀದಿ ಹಿಗ್ಗಿಸುವವರನ್ನು ನಾನು ನೋಡುತ್ತಿದ್ದೆನಲ್ಲ, ಅದೇ ನೋಟ. "ನೀನು ಬಲು ಒಳ್ಳೆಯವನು ಕಣಪ್ಪ. ಹೆಣದ ಮುಂದೆ ನಡೆಯೋಕೆ ನಿನ್ನಂಥೋನು ಈ ಊರಲ್ಲಿ ಇನ್ನೊಬ್ಬ ಇಲ್ಲ. ನಮ್ಮ ಯಜಮಾನರು ಹೋದಾಗ ನೀನು ಆ ತಕ್ಕಡಿ ಕಥೆ ಹೇಳ್ಕೊಂಡು ಮುಂದೆ ನಡೆದೆ ನೋಡು, ಮಸಣ ಬರಲೇ ಇಲ್ಲ. ಎಷ್ಟೊತ್ತು ಅವರ ಜೊತೆಗಿದ್ದೆ ನಾನು! ನಿನ್ನ ಹೊಟ್ಟೆ ತಣ್ಣಗಿರಲಿ. ಆದರೆ ಹೆರಿಗೆಗೆ ನೀನು ಆಗಲ್ಲ ಕಣಪ್ಪ" ಎಂದಳು.

ಒಳಗೆ ಹೋಗಿ ಗೂಟಕ್ಕೆ ನೇತುಹಾಕಿದ್ದ ಬಿಳಿ ಅಂಗಿಯನ್ನು ನೋಡುತ್ತಾ ಕೂತೆ. ಕಿತ್ತುಹೋದ ಅಷ್ಟೂ ಚಪ್ಪಲಿಗಳು, ಹಾಕದೆ ಬಿಟ್ಟ ಅಷ್ಟೂ ಬೀಗಗಳು ಒಂದೊಂದಾಗಿ ನೆನಪಾದವು. ಮರುದಿನ ಕಚೇರಿಯಲ್ಲಿ ಕೆಂಚಪ್ಪನನ್ನು ಕರೆದು, "ನಿಜ ಹೇಳೋ, ನಿನ್ನ ಮಂಡಿ ನೋವು ಯಾವಾಗ ಶುರುವಾಯ್ತು?" ಎಂದು ಕೇಳಿದೆ. ಅವನು ನೆಲ ನೋಡಿದ. "ನೀವು ಈ ಆಫೀಸಿಗೆ ವರ್ಗ ಆಗಿ ಬಂದಾಗ ಸಾರ್" ಎಂದ. ನಗು ಬಂತು ನನಗೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ಬಂದದ್ದು ಬರೀ ನೀರು. ಅಳುವವನ ಮುಂದೆ ಏನು ಮಾಡಬೇಕೆಂದು ತಿಳಿಯದೆ ಪಾಪ ಅವನು ಟೇಬಲ್ಲನ್ನು ಮತ್ತೊಂದು ಸಲ ಒರೆಸಿದ.

ಅವತ್ತು ಸಂಜೆ ಒಬ್ಬನೇ ನಡೆದು ಬರುತ್ತಾ, ಹಾದಿಯಂತೂ ಬೇಕಾದಷ್ಟಿತ್ತು, ಯೋಚನೆ ಮಾಡಿದೆ. ನಾನು ಹಾದಿ ಹಿಗ್ಗಿಸುವವನು ಸರಿ. ಆದರೆ ಆ ಮೊದಲ ದಿನ ಹಾಲು ಹೇಗೆ ಬಿಸಿಯಾಗಿಯೇ ಉಳಿಯಿತು? ಆವತ್ತು ನಾನು ಮಾಡಿದ್ದೇನು? ದವಡೆ ಹಿಡಿದುಕೊಂಡು ಅವಳು ಹೇಳಿದ್ದನ್ನು ಕೇಳಿದ್ದು, ಅಷ್ಟೇ. ಅಂದರೆ ಹಾದಿ ಕುಗ್ಗಿಸಿದ್ದು ನನ್ನ ಗಾಂಭೀರ್ಯವಲ್ಲ, ನನ್ನ ಹುಳುಕು ಹಲ್ಲು! ಅಂಥ ಹಲ್ಲನ್ನು ನಾನೇ ಕೈಯಾರೆ ಕೀಳಿಸಿ ಎಸೆದು ಬಂದಿದ್ದೆ. ಇನ್ನೊಂದು ಹೊಳೆಯಿತು. ನಡುವಿನ ಮನೆ ನ್ಯಾಯದ ಮನೆ ಎಂದು ಬೀಗಿದ್ದೆನಲ್ಲ, ಆ ಮನೆಯಲ್ಲಿ ಅಷ್ಟು ವರ್ಷ ನಾವು ಮಾಡಿದ್ದು ದಿನಾ ಬೆಳಿಗ್ಗೆ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿದ್ದು. ಇಬ್ಬರ ಮುಖವೂ ಒಂದೇ ದಿಕ್ಕಿಗೆ ಇರಬೇಕಾದರೆ ಮನೆ ನಡುವೆ ಇರಬಾರದು. ಒಂದು ತುದಿಗೆ ಇರಬೇಕು. ಆಸ್ಪತ್ರೆಗಿಂತ ಆಚೆ.

ಆಸ್ಪತ್ರೆಯಾಚೆ, ಕೆರೆ ಏರಿಯ ಕೆಳಗೆ, ಗದ್ದೆಗಳಿಗೆ ನೀರು ಬಿಡುವ ನೀರಗಂಟಿಯೊಬ್ಬ ಬಿಟ್ಟುಹೋದ ಹೆಂಚಿನ ಮನೆಯೊಂದು ಖಾಲಿ ಬಿದ್ದಿತ್ತು. ಮಲ್ಲಾಚಾರಿಯನ್ನು ಕೇಳಿದರೆ, "ಆ ಮನೆನಾ ಸಾರ್? ಅಲ್ಲೀವರೆಗೆ ಆಗೋಷ್ಟು ಮಾತು ನನ್ನ ಹತ್ರಾನೂ ಇಲ್ಲ" ಎಂದು ಕೈ ಮುಗಿದ. ವಿಶಾಲುಗೆ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. "ಅಲ್ಲಿಂದ ನಿಮ್ಮ ಆಫೀಸು ಅಂದ್ರೆ ಊರಿನ ಈ ತುದಿಯಿಂದ ಆ ತುದಿ. ಸಾಯ್ತೀರಿ."

"ಆಸ್ಪತ್ರೆವರೆಗೆ ನೀನಿರ್ತೀಯಲ್ಲ."

"ಅದೇ ಭಯ ನಂಗೆ" ಎಂದಳು. ಆಮೇಲೆ ಪಾಪ ಅನ್ನಿಸಿತೇನೋ, ನನ್ನ ಪಕ್ಕ ಬಂದು ಕೂತಳು. "ಬೇಜಾರ್ ಮಾಡ್ಕೋಬೇಡಿ. ನಿಮ್ಮ ಜೊತೆ ಹೊರಟ್ರೆ ಹಾದಿ ಬೆಳೆಯುತ್ತೆ ರೀ. ಅಲ್ಲಿ ಒಬ್ಬಳು ಹಲ್ಲು ಕಚ್ಕೊಂಡು ನನ್ನ ಕಾಯ್ತಾ ಇರ್ತಾಳೆ. ನಾನು ಯಾರದೋ ಕಾಂಪೌಂಡು ಸುತ್ತುತ್ತಾ ಇರಕ್ಕಾಗಲ್ಲ." ಇಷ್ಟು ದಿನ ಇದನ್ನು ಏಕೆ ಹೇಳಲಿಲ್ಲ ಎಂದು ಕೇಳಿದೆ. "ಹೆಂಗ್ ಹೇಳ್ಲಿ? ಆ ತೂತಿನ ವಿಷಯ ಹೇಳೋವಾಗ ನಿಮ್ಮ ಮುಖ ನೀವು ನೋಡಿಲ್ಲ" ಎಂದಳು.

"ಇನ್ನೊಂದು ಸಲ ಹಾದಿಶಾಸ್ತ್ರ ಮಾಡೋಣ" ಎಂದೆ. "ಹಾಲು ಆರೋದ್ರೊಳಗೆ ಆ ಮನೆ ಮುಟ್ಟಿದ್ರೆ ಅಲ್ಲಿರೋಣ. ಆರಿದ್ರೆ ನೀನು ಕ್ವಾರ್ಟರ್ಸಿಗೆ ಹೋಗು, ನಾನೇ ನಿನ್ನ ಟ್ರಂಕು ಹೊತ್ಕೊಂಡು ಬರ್ತೀನಿ." ಅವಳು ಆಗಲಿ ಎಂದಳು. ನಾವು ಹಳೇ ಚೊಂಬು ಹುಡುಕಿ ಹುಣಸೆಹಣ್ಣು ಹಚ್ಚಿ ತೊಳೆದದ್ದು ಕಂಡು ಸಿದ್ದಮ್ಮಜ್ಜಿ, ಈ ವಯಸ್ಸಿನಲ್ಲಿ ಯಾರಿಗೆ ಮದುವೆ ಎಂದು ಕೇಳಿದಳು.

ಭಾನುವಾರ ಬೆಳಿಗ್ಗೆ ಒಲೆಯಿಂದ ಇಳಿಸಿದ ಹಾಲನ್ನು ಚೊಂಬಿಗೆ ಹುಯ್ದು, ತಟ್ಟೆ ಮುಚ್ಚಿ, ಸೆರಗಿನಲ್ಲಿ ಹಿಡಿದು ವಿಶಾಲು ಹೊಸ್ತಿಲಿಳಿದಳು. ನಾನು ಯಾರಿಗೂ ಕಾಣದ ಹಾಗೆ ಒಂದು ಲವಂಗವನ್ನು ಎಡ ದವಡೆಗೆ ಸಿಕ್ಕಿಸಿಕೊಂಡಿದ್ದೆ, ಹಲ್ಲು ಕಿತ್ತ ಜಾಗಕ್ಕೇ ಸರಿಯಾಗಿ. ಮಾತು ಬಂದರೆ ಕಚ್ಚುವುದು ಎಂದು ಉಪಾಯ. ಮೂಲೆ ತಿರುಗಿದ ಕೂಡಲೇ ಬೆಲ್ಲದ ಮಂಡಿಯ ಮುಂದೆ ಒಂದು ತಕ್ಕಡಿ ವಾಲಿಕೊಂಡು ನೇತಾಡುತ್ತಿತ್ತು. ಎಂಥ ವಾಲು ಅಂತೀರಿ! "ನೋಡಿದ್ಯಾ, ಆ ಮುಳ್ಳು" ಎಂದುಬಿಟ್ಟೆ. ಕಣ್ಣೆದುರೇ ಬೆಲ್ಲದ ಮಂಡಿಯ ಗೋಡೆ ಉದ್ದವಾಯಿತು, ಅದರ ಪಕ್ಕ ಒಂದು ಔಷಧಿ ಅಂಗಡಿ ಬಂದು ನಿಂತಿತು. ವಿಶಾಲು ಚೊಂಬನ್ನು ಎದೆಗೆ ಒತ್ತಿಕೊಂಡಳು. ಲವಂಗವನ್ನು ಕಟಕ್ಕನೆ ಕಚ್ಚಿದೆ. ಖಾರಕ್ಕೆ ಕಿವಿಯಲ್ಲಿ ಹೊಗೆ.

ಬಾಯಿ ಮುಚ್ಚಿಕೊಂಡು ನಡೆದೆ. ಹಾದಿ ಬೆಳೆಯುವುದು ನಿಂತಿತು, ಕುಗ್ಗಲಿಲ್ಲ. ಬಾಯಿ ಮುಚ್ಚುವುದೇ ಕೇಳುವುದಲ್ಲ ಎಂದು ಆಗ ತಿಳಿಯಿತು. ಅವಳು ಏನಾದರೂ ಹೇಳಲಿ ಅಂದರೆ, ಪ್ರತಿದಿನ ಊರಿಗೆಲ್ಲ ಮಾತಾಡುವವಳು ಇವತ್ತು ಸುಮ್ಮನೆ ನಡೆಯುತ್ತಿದ್ದಾಳೆ, ಗಂಟಲಿಗೆ ರಜೆ ಕೊಟ್ಟವಳ ಹಾಗೆ. ಏನು ಕೇಳಲಿ? ಇಷ್ಟು ವರ್ಷದಲ್ಲಿ ನಾನು ಅವಳನ್ನು ಕೇಳಿದ್ದೆಲ್ಲ ಉಪ್ಪು ಎಲ್ಲಿ, ಟವೆಲ್ ಎಲ್ಲಿ, ಇಷ್ಟೇ. ಚೊಂಬಿನಿಂದ ಏಳುತ್ತಿದ್ದ ಹಬೆ ತೆಳ್ಳಗಾಗುತ್ತಿತ್ತು. ಆಗ ಎಲ್ಲಿಂದಲೋ ನೆನಪಿಗೆ ಬಂತು.

"ವಿಶಾಲು, ಆ ಸೀನಿದ ಮಗು ಈಗ ಎಷ್ಟು ದೊಡ್ಡದಾಗಿರಬೌದು?"

ಅವಳು ನಡುಬೀದಿಯಲ್ಲಿ ನಿಂತಳು. "ನಿಮಗೆ ನೆನಪಿದೆಯಾ ಅದು?" ಎಂದಳು. ಬಾಯಲ್ಲಿ ಲವಂಗ, "ಹ್ಞೂಂ" ಅಂದೆ.

"ಸ್ಕೂಲಿಗೆ ಹೋಗ್ತಾಳೆ ಈಗ. ದಿನಾ ಆಸ್ಪತ್ರೆ ಗೇಟಿನ ಮುಂದೆ ಹೋಗೋವಾಗ ನನ್ನ ಕಂಡ್ರೆ ಬೇಕಂತಲೇ ಸೀನ್ತಾಳೆ. ಅವರಮ್ಮ ಹೇಳ್ಕೊಟ್ಟಿದಾಳೆ." ನಗುತ್ತಾ ನಡೆಯತೊಡಗಿದಳು. ಅಲ್ಲಿಂದ ಮುಂದೆ ಅವಳೇ ಹೇಳಿದಳು. ಸುಮಿತ್ರಳ ಮಗುವಿಗೆ ಅಜ್ಜಿಯದೇ ಮೂಗು ಬಂದದ್ದು. ಅವಳಿಜವಳಿ ಹುಟ್ಟಿದಾಗ ಅಪ್ಪನಾದವನು ಒಂದೇ ಟೋಪಿ ತಂದಿದ್ದಕ್ಕೆ ಅತ್ತದ್ದು. ಆಮೇಲೆ ದನಿ ಇಳಿಯಿತು. ಅಳದ ಮಕ್ಕಳ ವಿಷಯ ಹೇಳಿದಳು. ಸೀನದೆಯೂ ಅಳದೆಯೂ ಹೋದ ಮಕ್ಕಳು. ಅಂಥ ದಿನ ಕೈ ತೊಳೆದು ಹೊರಗೆ ಬಂದರೆ ಹೂವಿನವಳು ಗೇಟಿನಲ್ಲಿ ಕಾಯುತ್ತಿರುತ್ತಾಳೆ, ಅವಳ ಹಾದಿ ಸವೆಸಲು ನಗುವ ಮಾತು ಹುಡುಕಬೇಕು. "ಅವತ್ತು ನಿಮ್ಮ ದವಡೆ ಊದಿತ್ತಲ್ಲ" ಎಂದಳು, "ನಾನು ಹೇಳಿದ್ದನ್ನ ಯಾರೋ ಪೂರ್ತಿ ಕೇಳಿದ್ದು ಅದೇ ಮೊದಲು. ಇಂಥೋನ ಜೊತೆ ಇರಬೌದು ಅಂದ್ಕೊಂಡೆ. ಹಲ್ಲುನೋವು ಅಂತ ಆಮೇಲೆ ಗೊತ್ತಾಯ್ತು." ಅವಳ ಕೈಯಿಂದ ಚೊಂಬು ಇಸಿದುಕೊಂಡೆ. ಇಬ್ಬರೂ ಸುಮ್ಮನೆ ನಡೆದೆವು. ಆ ಮೌನದಲ್ಲೂ ಹಾದಿ ಕುಗ್ಗುತ್ತಲೇ ಇತ್ತು ಎನ್ನುವುದನ್ನು ನಾನು ಗಮನಿಸಿದ್ದು ಆಮೇಲೆ.

"ಅಯ್ಯೋ, ಆಸ್ಪತ್ರೆ ಎಲ್ಲಿ?" ಎಂದು ಅವಳೇ ಬೆಚ್ಚಿದಳು. ತಿರುಗಿ ನೋಡಿದರೆ ಗೇಟು ಹಿಂದೆ ಉಳಿದಿತ್ತು. ಎದುರಿಗೆ ಏರಿ, ಏರಿಯ ಕೆಳಗೆ ಹೆಂಚಿನ ಮನೆ. ಜಗಲಿಯ ಮೇಲೆ ಕೂತು ತಟ್ಟೆಗೆ ಹಾಲು ಹುಯ್ದು ಅವಳಿಗೆ ಕೊಟ್ಟೆ. ಒಂದು ಗುಟುಕು ಕುಡಿದವಳು "ಹಾ!" ಎಂದು ನಾಲಿಗೆ ಹೊರಗೆ ಚಾಚಿದಳು. ನನ್ನ ಜೀವಮಾನದಲ್ಲಿ ಬೇರೆಯವರ ನಾಲಿಗೆ ಸುಟ್ಟದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದಿಲ್ಲ.

ಈಗ ನಾವು ಆ ಮನೆಯಲ್ಲೇ ಇದ್ದೇವೆ. ಮಲ್ಲಾಚಾರಿಗೆ ಕೊಟ್ಟಿದ್ದ ಮಾತು ವಾಪಸ್ಸು ಪಡೆದೆ. ನನ್ನಂಥ ಗಿರಾಕಿ ಮತ್ತೆ ಸಿಗುವುದಿಲ್ಲ ಎಂದು ಅವನು ಮನಸಾರೆ ನೊಂದುಕೊಂಡ. ಬೆಳಿಗ್ಗೆ ಇಬ್ಬರೂ ಹೊಸ್ತಿಲು ದಾಟಿ ಒಂದೇ ಕಡೆಗೆ ತಿರುಗುತ್ತೇವೆ. ಹೂವಿನವಳು, ಟೈಲರು ನನ್ನನ್ನು ಮನಸಾರೆ ಶಪಿಸಿ, ಈಗ ತಮ್ಮ ತಮ್ಮಲ್ಲೇ ಮಾತಾಡುವುದನ್ನು ಕಲಿಯುತ್ತಿದ್ದಾರಂತೆ. ಆಸ್ಪತ್ರೆಯಿಂದ ಮುಂದೆ ಬಡಗಣ ತುದಿಯವರೆಗೆ ನನ್ನದು ಒಂಟಿ ಹಾದಿ, ಇರುವಷ್ಟೂ ದೂರ ಇರುತ್ತದೆ. ಮೊನ್ನೆ ಎಣ್ಣೆಗಾಣದ ಬೀದಿಯಲ್ಲಿ ಕೆಂಚಪ್ಪ ಬಂದು ಜೊತೆಗೂಡಿದ. ಮಂಡಿ ಹೇಗಿದೆ ಎಂದು ಕೇಳಿ ಸುಮ್ಮನಾದೆ. ಅವನು ಮಂಡಿ ಬಿಟ್ಟು ಬೇರೆಲ್ಲವನ್ನೂ ಹೇಳಿದ, ಕಚೇರಿ ಸ್ವಲ್ಪ ಬೇಗ ಬಂದ ಹಾಗಿತ್ತು.

ತೊಂದರೆ ಒಂದೇ. ಮನೆಯಿಂದ ಆಸ್ಪತ್ರೆಯ ಹಾದಿ ಬರಬರುತ್ತಾ ತೀರಾ ಚಿಕ್ಕದಾಗಿದೆ. ಬೀಗ ಹಾಕಿ, ನಿನ್ನೆ ಯಾರಿಗೆ ಹೆರಿಗೆಯಾಯಿತು ಎಂದು ಕೇಳಿ, ಅವಳು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಾಳು ಗೇಟು ಬಂದು ನಿಲ್ಲುತ್ತದೆ. ವಾರ್ಡಿನಲ್ಲಿ ಯಾರಾದರೂ ನೋವು ತಿನ್ನುತ್ತಿದ್ದಾರೆ ಎಂದು ಗೊತ್ತಿದ್ದರೆ ಸರಿ, ನಾನು ಲವಂಗ ಕಚ್ಚಿಕೊಂಡು ಅವಳನ್ನು ಬಿಟ್ಟು ಬರುತ್ತೇನೆ. ಯಾರೂ ಇಲ್ಲದ ದಿನ ಅವಳು ಗೇಟು ಕಂಡ ಕೂಡಲೇ ನಡಿಗೆ ನಿಧಾನ ಮಾಡುತ್ತಾಳೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಗೇಟು ಇನ್ನೇನು ಕೈಗೆ ಸಿಗಬೇಕು, ನನ್ನ ತೋಳು ಹಿಡಿದು ನಿಲ್ಲಿಸಿದಳು.

"ರೀ, ಆ ಸೀಸದ ತೂತಿನ ವಿಷಯ ಏನೋ ಹೇಳ್ತಿದ್ರಲ್ಲ, ಹೇಳಿ."

ನಾನು ಲವಂಗ ಉಗಿದು, ಗಂಟಲು ಸರಿಮಾಡಿಕೊಂಡು, ಬಟ್ಟು ಏಕೆ ಸವೆಯುತ್ತದೆ ಎಂಬಲ್ಲಿಂದ ಶುರು ಮಾಡಿದೆ. ಗೇಟು ಹಿಂದಕ್ಕೆ ಸರಿಯಿತು. ಅದರ ಮುಂದೆ ಒಂದು ಕಾಂಪೌಂಡು ಎದ್ದಿತು, ಅದರ ಪಕ್ಕ ಒಂದು ಔಷಧಿ ಅಂಗಡಿ, ಅದರಾಚೆ ಇನ್ನೊಂದು.

"ನಿಧಾನಕ್ಕೆ ಹೇಳಿ" ಎಂದಳು ವಿಶಾಲು.